ಟ್ರಾಮ್ ಇಳಿಯುವವರೆಗೆ ಮಾತಿಲ್ಲ

ಬುಲ್ಕ್ಲಿ, ಅಲೆಕ್ಸಾಂಡ್ರಿಯಾ
ಏಪ್ರಿಲ್ 26

ಇಗ್ಲಾಲ್,

ನಿನ್ನೆ ಪೋರ್ಟ್ ಸೈದ್‌ಗೆ ಫೋನ್ ಮಾಡಿದರೆ ಎತ್ತಿದವಳು ನಿನ್ನ ತಂಗಿ ಸೌಸನ್. “ಭಾವಾ, ಅಕ್ಕ ಫೋನಿಗೆ ಬರಲ್ವಂತೆ. ಏನಿದ್ರೂ ಬರೆದು ಕಳಿಸ್ಬೇಕಂತೆ. ಕಾಗದ ಕಿರುಚಲ್ಲ ಅಂತಾಳೆ” ಎಂದಳು. ಹಿಂದೆ ಯಾರೋ ನಕ್ಕಿದ್ದು ಕೇಳಿಸಿತು. ನೀನೋ ಟೀವಿಯೋ ಗೊತ್ತಾಗಲಿಲ್ಲ. ಇರಲಿ. ಶಾಲೆಗಳ ಇನ್ಸ್‌ಪೆಕ್ಟರಾಗಿ ಜೀವಮಾನವಿಡೀ ವರದಿ ಬರೆದವನು ನಾನು. ಹೆಂಡತಿಗೆ ಒಂದು ಕಾಗದ ಬರೆಯಲಾರೆನೆ?

ಈದ್ ಹಬ್ಬದ ಮೂರನೆಯ ದಿನ, ಸಕ್ಕರೆ ಪುಡಿ ಉದುರಿಸಿದ ಕಹ್ಕ್ ಬಿಸ್ಕತ್ತಿನ ಡಬ್ಬಿ ಇನ್ನೂ ಅರ್ಧ ತುಂಬಿರುವಾಗ, ನೀನು ಚೀಲ ಹಿಡಿದು ಹೊರಟುಬಿಟ್ಟೆ. ತಂಗಿಯ ಕಾಲು ಮುರಿದಿದೆ ಎಂಬುದು ಅಕ್ಕಪಕ್ಕದವರಿಗೆ ಹೇಳಿದ ಮಾತು. ಸೌಸನ್ ಕಾಲು ಮುರಿದುಕೊಂಡದ್ದು ರಮದಾನ್ ತಿಂಗಳಲ್ಲಿ. ಆಗ ಹೋಗದವಳು ಸಿನಿಮಾ ನೋಡಿ ಬಂದ ಮೇಲೆ ಯಾಕೆ ಹೋದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿದೆ.

ಹಾಗಾಗಿ ಆ ವಿಷಯವನ್ನೇ ಕೇಳುತ್ತೇನೆ. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ‘ಬಂದರಿನ ಹುಲಿ’ ನಡೆಯುವುದು 1942ರಲ್ಲಿ. ಅದನ್ನು ಪರದೆಯ ಮೇಲೆ ಅವರೇ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದಾರೆ. ನಮ್ಮ ಬಂದರಿನ ತುಂಬ ಇಂಗ್ಲಿಷರ ಹಡಗು, ತಲೆಗೆ ತರ್ಬೂಷ್ ಟೋಪಿ, ಎಲ್ಲ ಸರಿ. ಆದರೆ ಸುಂಕದ ಕಟ್ಟೆಯ ಮೇಲೆ ಹಾರುತ್ತಿರುವುದು ಯಾವ ಬಾವುಟ? ಕೆಂಪು, ಬಿಳಿ, ಕಪ್ಪು, ನಡುವೆ ಹದ್ದು! ಆ ಬಾವುಟ ಹುಟ್ಟಲು ಇನ್ನೂ ಹತ್ತು ವರ್ಷವಿತ್ತು. ಆಗಿನದು ಹಸಿರು ಬಾವುಟ, ಅದರಲ್ಲಿ ಬಿಳಿ ಚಂದ್ರ, ಮೂರು ನಕ್ಷತ್ರ. ನನ್ನ ಅಪ್ಪ ಆ ಬಾವುಟದ ಕೆಳಗೆ ಶಾಲೆಗೆ ಹೋದವರು. ಇಷ್ಟು ದುಡ್ಡು ಸುರಿದು ಸಿನಿಮಾ ಮಾಡುವವರಿಗೆ ಒಂದು ಹಳೆಯ ಅಂಚೆಚೀಟಿ ತೆಗೆದು ನೋಡುವಷ್ಟು ವ್ಯವಧಾನ ಇಲ್ಲವೇ? ನಾಳೆ ಮಕ್ಕಳು ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತಾರೆ.

ಅದಕ್ಕೇ ಎದ್ದು ನಿಂತೆ. “ಹಸಿರು! ಆಗಿನ ಬಾವುಟ ಹಸಿರು!” ಎಂದೆ. ಎಂದೆ ಅಷ್ಟೆ, ಕಿರುಚಲಿಲ್ಲ. ಹಿಂದೆ ನಿಂತಿದ್ದ ಪೋಕರಿಯೊಬ್ಬ “ಹಾಜಿ, ಕೂತ್ಕೊಳ್ಳಿ, ನೀವು ನಿಂತ್ರೆ ಯಾವ ಬಾವುಟಾನೂ ಕಾಣಲ್ಲ” ಎಂದ. ಹಾಲಿಗೆ ಹಾಲೇ ನಕ್ಕಿತು. ನಾನು ಸುಮ್ಮನಿರಬೇಕಿತ್ತೋ? “ಯಾವ ಶಾಲೇಲಿ ಓದಿದ್ದು ನೀನು? ನಿನ್ನ ಮೇಷ್ಟ್ರ ಹೆಸರು ಹೇಳು” ಎಂದು ಕೇಳಿದೆ. ಅದು ನ್ಯಾಯವಾದ ಪ್ರಶ್ನೆ. ದೀಪ ಹಾಕಿದರು. ಟಾರ್ಚ್ ಹಿಡಿದು ಸೀಟು ತೋರಿಸುವ ನಮ್ಮ ಬಿಶಾರಾ ಓಡಿ ಬಂದು ಕೈ ಮುಗಿದ. “ಇನ್ಸ್‌ಪೆಕ್ಟರ್ ಸಾಹೇಬ್ರೇ, ಇವತ್ತು ಹಬ್ಬ. ಎಲ್ರನ್ನೂ ಪಾಸ್ ಮಾಡ್ಬಿಡಿ.”

ತಿರುಗಿ ನೋಡಿದರೆ ನಿನ್ನ ಸೀಟು ಖಾಲಿ.

ತುಳಸಿಯಂಥ ಆ ರೈಹಾನ್ ಗಿಡಕ್ಕೆ ನೀರು ಹಾಕುತ್ತಿದ್ದೇನೆ. ನಾಡಿದ್ದು ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುತ್ತದಂತೆ. ಏಳು ವರ್ಷದ ಹಿಂದೆ ಇದು ಬೇಡವೆಂದವರೂ ಇವರೇ. ಅದರ ಬಗ್ಗೆ ನಾನು ಯಾರ ಹತ್ತಿರ ಮಾತಾಡಲಿ?

ಈ ಮನೆಯಲ್ಲಿ ಈಗ ಒಬ್ಬನೇ ಇರುವ,
ನಜ್ಮಿ


ಪೋರ್ಟ್ ಸೈದ್
ಮೇ 4

ಇನ್ಸ್‌ಪೆಕ್ಟರ್ ಸಾಹೇಬರಿಗೆ,

ನಿಮ್ಮ ವರದಿ ತಲುಪಿತು. ಸೌಸನ್‌ಗೆ ಓದಿ ಹೇಳಿದೆ. ಮೇಷ್ಟ್ರ ಹೆಸರು ಕೇಳಿದ ಜಾಗದಲ್ಲಿ ಅವಳು ನಕ್ಕು ನಕ್ಕು ಪ್ಲಾಸ್ಟರ್ ಹಾಕಿದ ಕಾಲನ್ನು ಮೇಜಿಗೆ ಬಡಿದುಕೊಂಡಳು. ಡಾಕ್ಟರಿಗೆ ಏನು ಹೇಳಬೇಕೋ ನೀವೇ ಬರೆದು ಕಳಿಸಿ.

ಬಾವುಟ ಹಸಿರೇ ಇದ್ದಿರಬಹುದು. ನೀವು ಹೇಳಿದ ಮೇಲೆ ಹಸಿರೇ. ನಾನು ಬಾವುಟ ನೋಡುತ್ತಿರಲಿಲ್ಲ. ಆಗ ಪರದೆಯ ಮೇಲೆ ಏನಾಗುತ್ತಿತ್ತು ಎಂದು ನಿಮಗೆ ನೆನಪಿದೆಯೇ? ಆ ಹುಲಿಯ ತಾಯಿ ಕಟ್ಟೆಯ ಮೇಲೆ ಊಟದ ಗಂಟು ಹಿಡಿದು ನಿಂತಿದ್ದಳು. ಮಗ ದೋಣಿಯಿಂದ ಇಳಿಯುತ್ತಾನೆ ಅಂತ ಅವಳು ಕಾಯುತ್ತಿದ್ದಾಳೆ, ಇಳಿಯಲ್ಲ ಅಂತ ನಮಗೆಲ್ಲ ಗೊತ್ತಿದೆ. ಹಾಲಿನಲ್ಲಿ ಬೀಜ ಕಚ್ಚುವ ಸದ್ದೂ ನಿಂತಿತ್ತು. ನನ್ನ ಪಕ್ಕದ ಹುಡುಗಿ ಅಳುತ್ತಿದ್ದಳು. ನಾನೂ ಕರವಸ್ತ್ರ ಹುಡುಕುತ್ತಿದ್ದೆ. ಅಷ್ಟರಲ್ಲಿ ನನ್ನ ಕಿವಿಯ ಪಕ್ಕ, “ಹಸಿರು!”

ಇದೊಂದು ದಿನದ ಮಾತಾಗಿದ್ದರೆ ನಾನು ಚೀಲ ತುಂಬುತ್ತಿರಲಿಲ್ಲ. ವರ್ಷಕ್ಕೆ ನಾನು ನೋಡುವುದು ಎರಡೇ ಸಿನಿಮಾ. ಚಿಕ್ಕ ಈದ್‌ಗೆ ಒಂದು, ದೊಡ್ಡ ಈದ್‌ಗೆ ಒಂದು. ಹೊಸ ಬಟ್ಟೆ ಹಾಕಿಕೊಂಡು, ಮೂರೂವರೆ ಆಟಕ್ಕೆ, ನೀವು ಆರಿಸಿದ ಹಿಂದಿನ ಸಾಲಿನಲ್ಲಿ. ಇನ್ಸ್‌ಪೆಕ್ಟರ್ ತರಗತಿಯ ಹಿಂದೆ ಕೂರುವುದು ಅಲ್ಲಿಯೇ ತಾನೆ? ಸಿನಿಮಾ ಮುಗಿದ ಮೇಲೆ ರಾಮ್ಲ್ ಸ್ಟೇಷನ್ನಿನಲ್ಲಿ ಟ್ರಾಮ್ ಹತ್ತುತ್ತೇವೆ. ಶಾತ್ಬಿ ಬರುವಷ್ಟರಲ್ಲಿ ಕಥೆ ಸರಿಯಿಲ್ಲ. ಇಬ್ರಾಹಿಮಿಯ್ಯಾದಲ್ಲಿ ನಾಯಕನಿಗೆ ವಯಸ್ಸಾಯಿತು. ಸೀದಿ ಗಾಬರ್‌ನಲ್ಲಿ ಇತಿಹಾಸ ತಪ್ಪು. ಬುಲ್ಕ್ಲಿಯಲ್ಲಿ ಇಳಿಯುವ ಹೊತ್ತಿಗೆ ನನ್ನ ಕೈಯಲ್ಲಿ ಸಿನಿಮಾನೇ ಉಳಿದಿರಲ್ಲ. ರಾತ್ರಿ ಮಲಗುವಾಗ ಒಂದು ಹಾಡು ಗುನುಗೋಣ ಅಂದರೆ ಅದರ ಸಾಹಿತ್ಯವೂ ಕದ್ದದ್ದು ಅಂತ ನೀವು ಹೇಳಿಯಾಗಿರುತ್ತದೆ.

ನಮ್ಮ ಮದುವೆ ನಿಶ್ಚಯವಾದ ಬೇಸಿಗೆ ನೆನಪಿದೆಯಾ? ಇದೇ ಊರಿನ ಬಯಲು ಸಿನಿಮಾಕ್ಕೆ ಹೋಗಿದ್ದೆವು. ನಮ್ಮಿಬ್ಬರ ನಡುವೆ ಅಮ್ಮ ಕೂತಿದ್ದಳು. ಮೂರು ಗಂಟೆ ನೀವು ತುಟಿ ಬಿಚ್ಚಲಿಲ್ಲ. ಎಂಥ ಗಂಭೀರ ಮನುಷ್ಯ ಅಂದುಕೊಂಡು ಮನೆಗೆ ಬಂದು ಹೂಂ ಅಂದೆ.

ಕಹ್ಕ್ ಡಬ್ಬಿ ಖಾಲಿಯಾಗಿದ್ದರೆ ಇನ್ನೊಂದು ಇದೆ, ಹೊಲಿಗೆ ಮಿಷನ್ನಿನ ಹಿಂದೆ. ನಿಮಗೆ ಸಿಗಬಾರದು ಅಂತಲೇ ಇಟ್ಟದ್ದು.

ಇಗ್ಲಾಲ್


ಬುಲ್ಕ್ಲಿ
ಮೇ 14

ಇಗ್ಲಾಲ್,

ಡಬ್ಬಿ ಸಿಕ್ಕಿತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಆ ಬಯಲು ಸಿನಿಮಾದ ರಾತ್ರಿಯ ಸತ್ಯ ಈಗಲಾದರೂ ತಿಳಿದುಕೋ. ಆ ಚಿತ್ರದಲ್ಲಿ ತಪ್ಪುಗಳು ರಾಶಿ ಬಿದ್ದಿದ್ದವು. ಒಬ್ಬ ನ್ಯಾಯಾಧೀಶ ಕೋರ್ಟಿನಲ್ಲಿ ಸಿಗರೇಟು ಸೇದುತ್ತಾನೆ! ನಾನು ಬಾಯಿ ತೆರೆದಾಗಲೆಲ್ಲ ನಿನ್ನ ಅಮ್ಮನ ಮೊಣಕೈ ನನ್ನ ಪಕ್ಕೆಗೆ ಬರುತ್ತಿತ್ತು. ಗಂಭೀರನಾಗಿದ್ದುದು ನಾನಲ್ಲ, ಆ ಮೊಣಕೈ. ದೇವರು ಆಕೆಯ ಆತ್ಮಕ್ಕೆ ಶಾಂತಿ ಕೊಡಲಿ, ಅಂಥ ಮೊಣಕೈ ನಿನಗೆ ಬರಲಿಲ್ಲ.

ಆದರೆ ನನಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ ಎಂಬ ಆರೋಪ ಒಪ್ಪುವವನಲ್ಲ. ಅದನ್ನು ತೋರಿಸಲೆಂದೇ ನಿನ್ನೆ ಒಬ್ಬನೇ ಹೋಗಿ ಈದ್‌ನ ಇನ್ನೊಂದು ಚಿತ್ರ ‘ಗಲ್ಲಿಯ ಗುಮ್ಮ’ ನೋಡಿ ಬಂದೆ. ಮೊದಲ ಅರ್ಧ ಗಂಟೆ ಜಾಹೀರಾತು. ಮರುಭೂಮಿಯ ನಡುವೆ ಗೋಡೆ ಕಟ್ಟಿ, ಒಳಗೆ ಈಜುಕೊಳ ಮಾಡಿ, ಬನ್ನಿ ಇಲ್ಲಿ ಬದುಕಿ ಎನ್ನುತ್ತಾರೆ. ಸಮುದ್ರ ಪಕ್ಕದಲ್ಲಿಟ್ಟುಕೊಂಡ ನಮ್ಮೂರಿನವರಿಗೆ! ಆಮೇಲೆ ಚಿತ್ರ. ನಾಯಕ ಎರಡೂ ಕೈಯಲ್ಲಿ ಚೂರಿ ಹಿಡಿದು ಇಡೀ ಬೀದಿಯನ್ನು ಹೊಡೆಯುತ್ತಾನೆ, ಅಂಗಿಯ ಇಸ್ತ್ರಿ ಮುರಿಯುವುದಿಲ್ಲ. ಅವನ ತಂಗಿಗೆ ಅವನು ನ್ಯಾಯ ಕೊಡಿಸುತ್ತಾನಂತೆ. ಆ ತಂಗಿಗೆ ಚಿತ್ರದುದ್ದಕ್ಕೂ ಒಂದು ಮಾತಿಲ್ಲ, ಒಂದು ಹೆಸರೂ ಇದ್ದಂತಿಲ್ಲ. ನಡುವೆ ಮದುವೆ ಮನೆಯ ಕುಣಿತ, ಅದು ಇಲ್ಲದಿದ್ದರೆ ಈದ್ ಚಿತ್ರವೆಂದು ಯಾರೂ ಒಪ್ಪುವುದಿಲ್ಲ. ಹಾಡುವವನ ಗಂಟಲಿನಲ್ಲಿ ಯಾವುದೋ ಯಂತ್ರ ಸಿಕ್ಕಿಕೊಂಡಂತಿತ್ತು. ನಮ್ಮ ಕಾಲದ ಖಳನಾಯಕರಿಗೂ ಒಂದು ಮರ್ಯಾದೆ ಇತ್ತು. ಹೊಡೆಯುವ ಮುಂಚೆ ಎರಡು ಒಳ್ಳೆಯ ಮಾತು ಆಡುತ್ತಿದ್ದರು.

ನಾನು ಬಾಯಿ ಬಿಡಲಿಲ್ಲ. ಇಂಟರ್ವಲ್ ಬಂದಾಗ ಬಿಶಾರಾನನ್ನು ಕ್ಯಾಂಟೀನಿನ ಮೂಲೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವನು ಚಹಾ ಕುಡಿಯುತ್ತ “ಹೌದು ಸಾಹೇಬ್ರೇ, ಹೌದು ಸಾಹೇಬ್ರೇ” ಎಂದ. ಕೊನೆಗೆ “ಮೇಡಂ ಎಲ್ಲಿ?” ಎಂದು ಕೇಳಿದ. ತಂಗಿಯ ಕಾಲು ಮುರಿದಿದೆ ಎಂದೆ. “ಬೇಗ ವಾಸಿ ಆಗ್ಲಿ ಸಾಹೇಬ್ರೇ, ನನಗೂ ಕಷ್ಟ ಆಗ್ತಿದೆ” ಎಂದ. ಏನರ್ಥ ಅವನ ಮಾತಿಗೆ?

ಒಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಕಿಟಕಿಯಲ್ಲಿ ಕೈ ಚಾಚಿ ಟಿಕೆಟ್ ತೆಗೆದುಕೊಂಡೆ. ಒಳಗೆ ಹೋಗಿ ಕೂತ ಮೇಲೆ ನೋಡುತ್ತೇನೆ, ಕೈಯಲ್ಲಿ ಎರಡು ಇವೆ. ಕೋಟು ತೆಗೆದು ಪಕ್ಕದ ಸೀಟಿನ ಮೇಲೆ ಹಾಕಿದೆ. ದಪ್ಪ ಹುಡುಗನೊಬ್ಬ ಬಂದು “ಹಾಜಿ, ಇದು ಖಾಲಿನಾ?” ಎಂದು ಕೇಳಿದ.

ಇಲ್ಲ ಎಂದೆ.

ನಜ್ಮಿ


ಪೋರ್ಟ್ ಸೈದ್
ಮೇ 25

ನಜ್ಮಿಯವರಿಗೆ,

ನಿಮ್ಮ ಕಾಗದ ಈ ಸಲ ಸೌಸನ್‌ಗೆ ಪೂರ್ತಿ ಓದಲಿಲ್ಲ. ಕೊನೆಯ ಭಾಗ ಬಿಟ್ಟೆ.

ಅವಳ ಪ್ಲಾಸ್ಟರ್ ತೆಗೆದರು. ಕಾಲು ಇನ್ನೂ ಕೋಲಿನಂತಿದೆ, ಮೆಟ್ಟಿಲು ಇಳಿಯುವ ಹಾಗಿಲ್ಲ. ಇಬ್ಬರೂ ಬಾಲ್ಕನಿಯಲ್ಲಿ ಕೂತು ಕಾಲುವೆಗೆ ಬರುವ ಹಡಗು ನೋಡುತ್ತೇವೆ. ಬಟ್ಟೆ ಒಣಗಿಸುತ್ತೇವೆ, ಮೀನು ಹುರಿಯುತ್ತೇವೆ. ಮನೆ ತುಂಬ ಶಾಂತವಾಗಿದೆ. ಮೊದಲ ವಾರ ಅದು ಚೆನ್ನಾಗಿತ್ತು.

ಎದುರು ಮನೆಯ ಮಕ್ಕಳು ದಿನವಿಡೀ ‘ಹಾಜಿಯ ಮೂರು ಮೊಬೈಲು’ ಸಿನಿಮಾದ ಮಾತು ಹೇಳಿಕೊಂಡು ಓಡಾಡುತ್ತಾರೆ. “ಎಡಗಡೆ ಜೇಬು, ಎಡಗಡೆ ಜೇಬು!” ಅಂತ ಒಬ್ಬ ಕೂಗಿದರೆ ಉಳಿದವರು ಬಿದ್ದು ಬಿದ್ದು ನಗುತ್ತಾರೆ. ಏನು ಅಂತ ನಮಗೆ ಗೊತ್ತಿಲ್ಲ. ಸೌಸನ್ ಹಟ ಹಿಡಿದಿದ್ದಾಳೆ, ಭಾವನಿಗೆ ಬರಿ ಅಂತ. ಅದು ಅಲ್ಲಿ ಇನ್ನೂ ಓಡುತ್ತಿದ್ದರೆ ನೋಡಿ ಬಂದು ಬರೆಯಿರಿ.

ಆದರೆ ಒಂದು ಮಾತು. ಸಿನಿಮಾ ಹೇಗಿತ್ತು ಅಂತ ನನಗೆ ಬೇಡ. ನಿರ್ದೇಶಕನಿಗೆ ಏನು ಗೊತ್ತಿಲ್ಲ ಅಂತಲೂ ಬೇಡ. ಜನ ಎಲ್ಲೆಲ್ಲಿ ನಕ್ಕರು ಅಂತ ಬರೆಯಿರಿ. ಅಷ್ಟೇ ಸಾಕು.

ರೈಹಾನ್‌ಗೆ ಬೆಳಗ್ಗೆ ಮಾತ್ರ ನೀರು. ನೀವು ಎರಡು ಹೊತ್ತು ಹಾಕುತ್ತಿದ್ದೀರಿ ಅಂತ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ.

ಇಗ್ಲಾಲ್


ಬುಲ್ಕ್ಲಿ
ಜೂನ್ 5

ಇಗ್ಲಾಲ್,

ಜನ ನಗುವುದನ್ನು ನೋಡಬೇಕೆಂದರೆ ಪರದೆಗೆ ಬೆನ್ನು ಹಾಕಬೇಕು, ಅಥವಾ ಮುಂದೆ ಕೂರಬೇಕು. ಹಾಗಾಗಿ ಬದುಕಿನಲ್ಲಿ ಮೊದಲ ಸಲ ಹಿಂದಿನ ಸಾಲು ಬಿಟ್ಟು ಪಕ್ಕದ ಗೋಡೆಯ ಹತ್ತಿರ, ಓರೆಯಾಗಿ ಕೂತೆ. ಬಿಶಾರಾ ಟಾರ್ಚ್ ಬಿಟ್ಟು ನನ್ನ ಮುಖ ನೋಡಿ “ಮೈ ಹುಷಾರಿದೆಯಾ ಸಾಹೇಬ್ರೇ?” ಎಂದು ಕೇಳಿದ.

ಹಾಜಿ ಒಬ್ಬನಿಗೆ ಮೂರು ಮೊಬೈಲು. ಒಂದು ಹೆಂಡತಿಗೆ ಗೊತ್ತಿರುವುದು, ಒಂದು ಅಂಗಡಿಯದು, ಒಂದು ಯಾರಿಗೂ ಗೊತ್ತಿಲ್ಲದ್ದು. ಮಸೀದಿಯಲ್ಲಿ, ಎಲ್ಲರೂ ತಲೆ ಬಾಗಿಸಿ ನಿಂತಾಗ, ಮೂರನೆಯದು ಬಡಿದುಕೊಳ್ಳುತ್ತದೆ. ಅದರಲ್ಲಿ ಇಟ್ಟಿರುವುದು ಕುಣಿತದ ಹಾಡು. ಅವನು ಬಲಜೇಬು ತಡಕುತ್ತಾನೆ, ಎದೆಜೇಬು ತಡಕುತ್ತಾನೆ. ಸಾಲಿನಲ್ಲಿ ಪಕ್ಕ ನಿಂತ ಇಮಾಮರ ಮಗ ತುಟಿ ಅಲ್ಲಾಡಿಸದೆ “ಎಡಗಡೆ ಜೇಬು” ಎನ್ನುತ್ತಾನೆ. ನಿನ್ನ ಎದುರು ಮನೆಯ ಮಕ್ಕಳು ಹೇಳುವುದು ಇದನ್ನೇ. ಇಲ್ಲಿ ಇಡೀ ಹಾಲು ನಕ್ಕಿತು. ಗಡ್ಡದವರು ಹೆಚ್ಚು ನಕ್ಕರು.

ಆ ಮೊಬೈಲಿನಲ್ಲಿ ಗುಟ್ಟಾಗಿ ಮಾತಾಡುತ್ತಿದ್ದುದು ಬೇರೆ ಹೆಣ್ಣಿನ ಜೊತೆಯಲ್ಲ, ಮನೆ ಬಿಟ್ಟು ಹೋದ ಅವನ ಮಗಳ ಜೊತೆ ಎಂದು ಗೊತ್ತಾಗುವಾಗ ಯಾರೂ ನಗಲಿಲ್ಲ. ನೀನು ನಗು ಬರೆಯಲು ಹೇಳಿದ್ದೆ, ಇದನ್ನೂ ಸೇರಿಸಿದ್ದೇನೆ.

ನನ್ನ ಮುಂದೆ ಒಬ್ಬ ಅಜ್ಜಿ ಕೂತಿದ್ದಳು. ಆಕೆ ಪ್ರತಿ ತಮಾಷೆ ಬರುವ ಮುಂಚೆಯೇ ನಗುತ್ತಿದ್ದಳು. ಮೊಮ್ಮಗಳು “ತೇತಾ, ಸ್ವಲ್ಪ ತಡಿ, ಇನ್ನೂ ಬಂದಿಲ್ಲ” ಎಂದರೆ, ಆಕೆ “ಬರುತ್ತಲ್ಲೇ, ಬರೋದು ಗೊತ್ತಿದೆ, ಅದಕ್ಕೇ ನಗ್ತಿದೀನಿ” ಎನ್ನುತ್ತಾಳೆ. ನಾಲ್ಕನೆಯ ಸಲ ನೋಡುತ್ತಿದ್ದಾಳಂತೆ. ಹಿಂದಿನವರು ಪರದೆ ಬಿಟ್ಟು ಅಜ್ಜಿಯನ್ನು ನೋಡಿ ನಗಲು ಶುರು ಮಾಡಿದರು. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನಗು ಹೀಗೆ ದಾಟುತ್ತದೆ ಎಂದು ನಾನು ಗಮನಿಸಿರಲಿಲ್ಲ. ಇಷ್ಟು ವರ್ಷ ಹಿಂದಿನ ಸಾಲಿನಿಂದ ನನಗೆ ಕಾಣುತ್ತಿದ್ದುದು ಬರೀ ತಲೆಗಳು.

ಚಿತ್ರ ಸಾಧಾರಣ. ಮೊಬೈಲು ಹಾಜಿಯ ಕೈಯಲ್ಲಿ ಒಮ್ಮೆ ಕಪ್ಪು, ಒಮ್ಮೆ ಬೂದು. ಇದನ್ನು ನಾನು ಬರೆಯುತ್ತಿಲ್ಲ ಎಂದುಕೋ.

ನಾನೂ ಒಂದು ಕಡೆ ನಕ್ಕೆ. ಎಲ್ಲಿ ಎಂದು ಬಂದ ಮೇಲೆ ಹೇಳುತ್ತೇನೆ. ಯಾವಾಗ ಬರುತ್ತೀ?

ನಜ್ಮಿ


ಬುಲ್ಕ್ಲಿ
ಜೂನ್ 19

ಇಗ್ಲಾಲ್,

ಎರಡು ವಾರವಾಯಿತು, ಉತ್ತರ ಬಂದಿಲ್ಲ. ಅಂಚೆಯವನನ್ನು ಕೇಳಿದೆ. “ನಾನೇನು ಬರೀಲಾ ಸಾಹೇಬ್ರೇ?” ಎಂದ. ಅವನ ಮೇಲೆ ದೂರು ಕೊಡಬೇಕೆಂದಿದ್ದೆ. ಕೊಡಲಿಲ್ಲ.

ನಿನ್ನೆ ಕೈರೋದಿಂದ ಮಗಳು ನಿವೀನ್ ಫೋನ್ ಮಾಡಿದ್ದಳು. ಮಾತಿನ ನಡುವೆ, “ಅಪ್ಪಾ, ನಿಮಗೆ ಗೊತ್ತಿಲ್ವಾ? ಚಿಕ್ಕಮ್ಮ ಅಮ್ಮನಿಗೆ ಅಂತ ಹಿಂದಿನ ಕೋಣೆಗೆ ಬಣ್ಣ ಹೊಡೆಸಿದ್ದಾಳೆ. ಇಬ್ರೂ ಅಲ್ಲೇ ಇರೋಣ ಅಂತಿದ್ದಾರೆ” ಎಂದಳು. ಗೊತ್ತು ಎಂದೆ.

ಯಾವ ಬಣ್ಣ ಎಂದು ನಾನು ಕೇಳುವುದಿಲ್ಲ.

ದೊಡ್ಡ ಈದ್‌ಗೆ ಒಂಬತ್ತು ದಿನ ಇದೆ. ಕೆಳಗಿನ ಮನೆಯವರು ಬಲಿಯ ಕುರಿ ತಂದು ಮಹಡಿಯ ಮೇಲೆ ಕಟ್ಟಿದ್ದಾರೆ. ಬೆಳಗಿನ ಜಾವ ಕೂಗುತ್ತದೆ. ನಾನು ಎದ್ದು ಎಡಕ್ಕೆ ತಿರುಗಿ ನಿನಗೆ ಬಯ್ಯಲು ಹೋಗುತ್ತೇನೆ.

ನಜ್ಮಿ


ಪೋರ್ಟ್ ಸೈದ್
ಜೂನ್ 22

ನಜ್ಮಿಯವರಿಗೆ,

ತಿಳಿ ಹಳದಿ.

ಒಳ್ಳೆಯ ಕೋಣೆ. ಸಮುದ್ರದ ಗಾಳಿ ಬರುತ್ತದೆ. ಸೌಸನ್ ಗಂಡ ಹೋದ ಮೇಲೆ ಅವಳಿಗೂ ಒಂಟಿತನ. ಇಲ್ಲೇ ಇದ್ದುಬಿಡು ಅಂತ ಅವಳು ಕೇಳಿದ್ದು ನಿಜ, ನಾನು ಇಲ್ಲ ಅನ್ನದೆ ಇದ್ದದ್ದೂ ನಿಜ. ಉತ್ತರ ಬರೆಯಲಿಲ್ಲ, ಯಾಕೆಂದರೆ ಏನು ಬರೆಯಬೇಕು ಅಂತ ನನಗೇ ಗೊತ್ತಿರಲಿಲ್ಲ.

ನಿಮ್ಮ ಆ ಅಜ್ಜಿಯ ಕಾಗದವನ್ನು ಸೌಸನ್ ಮತ್ತೆ ಮತ್ತೆ ಓದಿಸಿಕೊಳ್ಳುತ್ತಾಳೆ. ನಿನ್ನೆ ಅವಳು, “ಅಕ್ಕಾ, ಭಾವ ಹೀಗೆ ಮಾತಾಡಿದ್ರೆ ನೀನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ ಅಲ್ವಾ?” ಅಂದಳು. ನಾನು ಮೀನು ತಿರುವಿ ಹಾಕಿದೆ.

ಕಾಗದದಲ್ಲಿ ನೀವು ಬೇರೆ ಮನುಷ್ಯ. ಹಾಲಿನಲ್ಲಿ, ಟ್ರಾಮಿನಲ್ಲಿ ಹೇಗಿರುತ್ತೀರಿ ಅಂತ ನಾನು ನೋಡಬೇಕು. ಆದ್ದರಿಂದ ಹೀಗೆ ಮಾಡೋಣ. ಈದ್ ಎರಡನೆಯ ದಿನ, ಮೂರೂವರೆ ಆಟ, ‘ಹತ್ತನೇ ಮಹಡಿಯ ಕುರಿ’. ನಾನು ಬಸ್ಸಿಳಿದು ಸೀದಾ ಅಲ್ಲಿಗೇ ಬರುತ್ತೇನೆ. ನೀವು ನಿಮ್ಮ ಹಿಂದಿನ ಸಾಲಿನಲ್ಲಿ ಕೂರಿ, ನಾನು ಎರಡು ಸಾಲು ಮುಂದೆ. ಬಾಗಿಲಲ್ಲಿ ಮಾತಿಲ್ಲ. ಇಂಟರ್ವಲ್‌ನಲ್ಲಿ ಮಾತಿಲ್ಲ. ಆಮೇಲೆ ಟ್ರಾಮಿನಲ್ಲಿ ಪಕ್ಕದಲ್ಲಿ ಕೂರಿ, ಬೇಡ ಅನ್ನುವುದಿಲ್ಲ. ಆದರೆ ಬುಲ್ಕ್ಲಿಯಲ್ಲಿ ಇಳಿಯುವವರೆಗೆ ಮಾತಿಲ್ಲ. ಆ ಒಂದು ಸಿನಿಮಾ ನನಗೆ ಇಡಿಯಾಗಿ ಮನೆಯವರೆಗೆ ಬರಬೇಕು.

ನಿಮ್ಮ ದನಿ ಕೇಳಿಸಿದರೆ ಸೀದಿ ಗಾಬರ್‌ನಲ್ಲಿ ಇಳಿದು ಬಸ್ಸು ಹಿಡಿಯುತ್ತೇನೆ. ಚೀಲ ನನ್ನ ಕೈಯಲ್ಲೇ ಇರುತ್ತದೆ. ತಮಾಷೆಗೆ ಹೇಳುತ್ತಿಲ್ಲ.

ಇಗ್ಲಾಲ್


ರಾಮ್ಲ್ ಟ್ರಾಮಿನೊಳಗೆ
ಜೂನ್ 29, ಈದ್ ಎರಡನೆಯ ದಿನ

ಇಗ್ಲಾಲ್,

ಮಾತಾಡುವುದಿಲ್ಲ ಎಂದು ಒಪ್ಪಿದ್ದೇನೆ. ಬರೆಯುವುದಿಲ್ಲ ಎಂದು ಒಪ್ಪಿಲ್ಲ. ಹುರಿದ ಬೀಜದ ಪೊಟ್ಟಣ ಬಿಚ್ಚಿ ಅದರ ಮೇಲೆ ಬರೆಯುತ್ತಿದ್ದೇನೆ. ಟ್ರಾಮ್ ಕುಲುಕುತ್ತಿದೆ, ಅಕ್ಷರಕ್ಕೆ ಬಯ್ಯಬೇಡ.

ನೀನು ಪಕ್ಕದಲ್ಲೇ ಕೂತಿದ್ದೀಯ. ಚೀಲ ಮಡಿಲಲ್ಲಿದೆ. ಹಾಲಿನಿಂದ ಹೊರಬಂದಾಗಿನಿಂದ ಕಿಟಕಿಯನ್ನೇ ನೋಡುತ್ತಿದ್ದೀಯ. ಶಾತ್ಬಿ ಹೋಯಿತು. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುತ್ತಿಲ್ಲ.

ಹಾಲಿನಲ್ಲಿ ನನ್ನ ದನಿ ಕೇಳಿಸಿತು, ನಿಜ. ಅದನ್ನು ಮುಚ್ಚಿಡುವುದಿಲ್ಲ. ಕುರಿ ಲಿಫ್ಟಿನೊಳಗೆ ಮದುಮಗನ ಟೈ ಅಗಿಯುತ್ತಿದ್ದರೆ, ಬಾಗಿಲು ತೆರೆದಾಗಲೆಲ್ಲ ಬೇರೆ ಬೇರೆ ಮಹಡಿಯವರಿಗೆ ಅವನು ಅದನ್ನು “ನಮ್ಮ ಮಾವ” ಎಂದು ಪರಿಚಯ ಮಾಡಿಕೊಟ್ಟಾಗ ನನ್ನಿಂದ ನಗು ತಡೆಯಲಾಗಲಿಲ್ಲ. ಇಷ್ಟು ಜೋರಾಗಿ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಮುಂದಿನ ಸಾಲಿನ ಮಗು ಹೆದರಿ ಅತ್ತಿತು. ನೀನು ತಿರುಗಿ ನೋಡಿದೆ. ಆಗಲೇ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ನಗುವುದು ಮಾತಾಡಿದಂತಲ್ಲ ಎಂಬುದು ನನ್ನ ವಾದ. ನಿನ್ನ ಕಾಗದದಲ್ಲಿ ‘ಮಾತಿಲ್ಲ’ ಎಂದೂ ಇದೆ, ‘ದನಿ’ ಎಂದೂ ಇದೆ. ಇದನ್ನು ಸ್ಪಷ್ಟಪಡಿಸಬೇಕಿತ್ತು.

ಈ ಪೊಟ್ಟಣ ಯಾವನೋ ಹುಡುಗನ ಹಳೆಯ ಇತಿಹಾಸದ ನೋಟ್‌ಬುಕ್ಕಿನ ಹಾಳೆ. ಹಿಂಬದಿಯಲ್ಲಿ ಅವನ ಉತ್ತರ ಇದೆ. ಸೂಯೆಜ್ ಕಾಲುವೆ ತೆರೆದದ್ದು 1896ರಲ್ಲಂತೆ. ಪೆನ್ನು ನನ್ನ ಕೈಯಲ್ಲೇ ಇದೆ, ಇಗ್ಲಾಲ್. ತಿದ್ದಿಲ್ಲ. ತಿರುಗಿಸಿ ನೋಡು.

ಸ್ಪೋರ್ಟಿಂಗ್ ಸ್ಟೇಷನ್ ದಾಟಿತು. ಕ್ಲಿಯೋಪಾತ್ರಾವೂ ಹೋಯಿತು. ಇನ್ನು ಬರುವುದು ಸೀದಿ ಗಾಬರ್. ಇದನ್ನು ಈಗ ನಿನ್ನ ಚೀಲದ ಮೇಲೆ ಇಡುತ್ತೇನೆ. ಇಳಿಯುವುದಾದರೆ ಇದನ್ನು ಓದಿ ಇಳಿ. ಹಳದಿ ಕೋಣೆಗೆ ಗಾಳಿ ಬರುತ್ತದೆ, ಒಪ್ಪುತ್ತೇನೆ. ನಮ್ಮ ಮನೆಗೆ ನೀನು ಬರಬೇಕು.

ಪಕ್ಕದ ಸೀಟಿನಿಂದ,
ನಜ್ಮಿ


ಅದೇ ಟ್ರಾಮು, ಅದೇ ಹಾಳೆ

ಸೀದಿ ಗಾಬರ್ ಹೋಯಿತು. ನೋಡಿದಿರಲ್ಲ, ಬಾಗಿಲು ತೆರೆದಾಗ ನನಗಿಂತ ಮೊದಲು ನೀವೇ ಎದ್ದು ನಿಂತುಬಿಟ್ಟಿರಿ. ನನ್ನ ಹಿಂದೆಯೇ ಇಳಿದು ಬರುವ ಯೋಚನೆಯಿತ್ತೋ? ಕೂತ್ಕೊಳ್ಳಿ, ಜನ ನೋಡುತ್ತಿದ್ದಾರೆ.

ನಾನು ಕಿಟಕಿ ನೋಡುತ್ತಿದ್ದುದು ಸಿಟ್ಟಿನಿಂದಲ್ಲ. ನಿಮ್ಮ ಮುಖ ನೋಡಿದರೆ ನಗು ಬರುತ್ತಿತ್ತು. ಮದುವೆಯಾಗಿ ಇಷ್ಟು ಕಾಲವಾಯಿತು, ಸಿನಿಮಾ ಹಾಲಿನಲ್ಲಿ ನಿಮ್ಮ ನಗು ನಾನು ಕೇಳಿರಲಿಲ್ಲ. ಯಾರಪ್ಪಾ ಈ ಗಂಡಸು ಹೀಗೆ ನಗುತ್ತಿರುವವನು ಅಂತ ನೋಡಲು ತಿರುಗಿದೆ. ನೀವು!

ಇನ್ನೊಂದು. ಮೂರನೇ ಮಹಡಿಯಲ್ಲಿ ಆ ಕುರಿಗೆ ಇಷ್ಟುದ್ದ ಕೊಂಬಿತ್ತು. ಹತ್ತನೇ ಮಹಡಿಯಲ್ಲಿ ಬೋಳು ತಲೆ. ನಾನು ಸೀಟಿನ ಕೈ ಹಿಡಿದು, ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಅಂತ ಕಾದೆ. ನೀವು ಕೂಗಲಿಲ್ಲ. ಆಗ ಮಾತ್ರ ನಿಜವಾಗಿ ಹೆದರಿಕೆಯಾಯಿತು. ಉಳಿದ ಸಿನಿಮಾ ಸರಿಯಾಗಿ ನೋಡಲಾಗಲಿಲ್ಲ.

ಹಿಂಬದಿಯ ಇಸವಿಯನ್ನು ನಾನೇ ತಿದ್ದಿದ್ದೇನೆ. 1869. ಪೋರ್ಟ್ ಸೈದ್‌ನ ಹುಡುಗಿ ನಾನು, ಅದನ್ನು ಹಾಗೇ ಬಿಡಲಿಕ್ಕಾಗುತ್ತದೆಯೇ?

ಬುಲ್ಕ್ಲಿ ಬಂತು. ಚೀಲ ನೀವು ಹಿಡಿಯಿರಿ, ಭಾರವಿದೆ, ಸೌಸನ್ ಮೀನು ಕಟ್ಟಿಕೊಟ್ಟಿದ್ದಾಳೆ. ಇಳಿದ ಮೇಲೆ ಕೊಂಬಿನ ವಿಷಯ ಶುರು ಮಾಡಿ. ಮನೆ ಬಾಗಿಲವರೆಗೆ ಮಾತ್ರ.

ಇಗ್ಲಾಲ್